ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳ್ಳೋ ಮುಂಚೆ ಗಾಡಿ ಕೆಳಗೆ ಮಲಗಿ ನೋಡಿ ಮಾರಾಯ್ರೇ

ಹಳೇ ಪಿಕಪ್ ನೋಡೋಕೆ ಹೋದೋರು ಎಲ್ಲರೂ ಮೊದ್ಲು ಮಾಡೋದು ಒಂದೇ, ಬಾನೆಟ್ ಎತ್ತೋದು, ಸ್ಟಾರ್ಟ್ ಮಾಡ್ಸೋದು, ರೇಸ್ ಕೊಡ್ಸೋದು. ನಾನೂ ಅದನ್ನೇ ಮಾಡಿದ್ದೆ. ಇಂಜಿನ್ ಸದ್ದು ಕೇಳಿ ಖುಷಿ ಆಗಿ ಅವತ್ತೇ ಅಡ್ವಾನ್ಸ್ ಕೊಟ್ಟು ಬಂದೆ, ಆಮೇಲೆ ಎರಡು ತಿಂಗಳಿಗೆ ದೇವಿಮನೆ ಘಟ್ಟದ ಬುಡದಲ್ಲಿ ಪಂಚರ್ ಆಯ್ತು ಅಂತ ಚಾಸಿಗೆ, ಅಂದ್ರೆ ಇಡೀ ಗಾಡಿ ಹೊರೋ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಜಾಕ್ ಕೊಟ್ರೆ ಗಾಡಿ ಮೇಲೆ ಏಳೋದು ಬಿಟ್ಟು ಜಾಕೇ ಚಾಸಿ ಒಳಗೆ ಹೋಯ್ತು. ಮಾರಿದವರು ಮೇಲಿಂದ ಚೆನ್ನಾಗಿ ಕಪ್ಪು ಪೇಂಟ್ ಹೊಡೆಸಿದ್ರು, ಒಳಗೆ ಹಪ್ಪಳ.

ಅವತ್ತಿಂದ ನಂದು ಒಂದೇ ಮಾತು, ನಮ್ಮ ಉತ್ತರ ಕನ್ನಡದ ಕರಾವಳಿಲಿ ಗಾಡಿ ಯಾವ ಇಸವಿದು ಅಂತ ಕೇಳೋಕೆ ಮುಂಚೆ ಏನು ಹೊತ್ತಿತ್ತು, ಎಲ್ಲಿ ನಿಲ್ತಿತ್ತು ಅಂತ ಕೇಳಿ. ಇಂಜಿನ್ ಹೋದ್ರೆ ಬೋರ್ ಮಾಡಿಸಬಹುದು, ಗೇರ್‌ಬಾಕ್ಸ್ ಬದಲಾಯಿಸಬಹುದು, ಚಾಸಿ ಹೋದ್ರೆ ಗಾಡಿನೇ ಹೋಯ್ತು.

ಬೈತಖೋಲ ಬಂದರಿಂದಲೋ ತದಡಿಯಿಂದಲೋ ಮೀನು ಹೊತ್ತ ಗಾಡಿ ಆದ್ರೆ ಐಸ್ ಕರಗಿದ ನೀರು, ಮೀನಿನ ಉಪ್ಪು ನೀರು ಎರಡೂ ಸೇರಿ ಮಾಲು ತುಂಬೋ ತೊಟ್ಟಿಯ ಸಂದಿಯಿಂದ ಚಾಸಿ ಮೇಲೆ ತೊಟ್ಟಿಕ್ಕುತ್ತಾನೇ ಇರತ್ತೆ. ಸಾಣಿಕಟ್ಟಾ ಉಪ್ಪು ಹೊತ್ತಿದ್ರೆ ಅದಕ್ಕಿಂತ ಕಷ್ಟ. ಮಳೆಗಾಲದಲ್ಲಿ ಅಡುಗೆ ಮನೆ ಡಬ್ಬದಲ್ಲಿರೋ ಉಪ್ಪು ತಾನೇ ನೀರೊಡೆಯತ್ತಲ್ಲ, ಗಾಳಿಯ ತೇವ 75 ಪರ್ಸೆಂಟ್ ದಾಟಿದ್ರೆ ಹಂಗಾಗತ್ತೆ, ಅದೇ ಕೆಲಸ ಚಾಸಿ ಸಂದಿಲಿ ಕೂತ ಉಪ್ಪೂ ಮಾಡತ್ತೆ, ಮಳೆ ಬರ್ಲಿ ಬಿಡ್ಲಿ ಕಬ್ಬಿಣ ಒದ್ದೆಯಾಗೇ ಇರತ್ತೆ.

ಹಂಗಂತ ಘಟ್ಟದ ಮೇಲಿನ ಗಾಡಿ, ಕೆಎ 31 ಸಿರ್ಸಿ ಪಾಸಿಂಗ್ (ರಿಜಿಸ್ಟ್ರೇಶನ್), ಕಣ್ಮುಚ್ಚಿ ತಗೊಳ್ಳಬಹುದು ಅಂತಲ್ಲ. ಅಲ್ಲಿ ಉಪ್ಪಿಲ್ಲ, ಆದ್ರೆ ಮೈಲುತುತ್ತ (ಕಾಪರ್ ಸಲ್ಫೇಟ್) ಇದೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ, ಅಂದ್ರೆ ಮೈಲುತುತ್ತ ಸುಣ್ಣ ಕಲಸಿದ ಔಷಧಿ, ಹೊಡೆಯೋಕೆ ಮೈಲುತುತ್ತದ ಚೀಲ, ಕಲಸಿದ ಡ್ರಮ್ ಎಲ್ಲ ಪಿಕಪ್ಪಲ್ಲೇ ಹೋಗೋದು. ಮೈಲುತುತ್ತದ ನೀರು ಬರೀ ಕಬ್ಬಿಣದ ಮೇಲೆ ಬಿದ್ರೆ ತಾಮ್ರ ಅಲ್ಲಿ ಕೂರತ್ತೆ, ಕಬ್ಬಿಣ ಕರಗಿ ಹೋಗತ್ತೆ, ಹಳೇ ಮೊಳೆ ಅದ್ದಿ ನೋಡಿ ಬೇಕಾದ್ರೆ, ಸ್ವಲ್ಪ ಹೊತ್ತಿಗೆ ಕೆಂಪಗಾಗತ್ತೆ. ಸುಣ್ಣ ಸರಿಯಾಗಿ ಬಿದ್ದ ದ್ರಾವಣ ಅಷ್ಟು ತಿನ್ನಲ್ಲ, ತಿನ್ನೋದು ಚೀಲದಿಂದ ಚೆಲ್ಲಿದ ಪುಡಿ. ತೊಟ್ಟಿಯ ಮೂಲೇಲಿ ನೀಲಿ ಹಸಿರು ಕಲೆ ಕಂಡ್ರೆ ಅಲ್ಲೇ ಉಗುರಲ್ಲಿ ಕೆರೆದು ನೋಡಿ.

ಸರಿ, ನೋಡೋದು ಹೆಂಗೆ. ಬೆಳಿಗ್ಗೆ ಹೋಗಿ, ಗಾಡಿ ಸ್ಟಾರ್ಟ್ ಮಾಡಿಡಬೇಡಿ ಅಂತ ಮೊದ್ಲೇ ಹೇಳಿ. ಟಾರ್ಚ್, ಸಣ್ಣ ಸುತ್ತಿಗೆ, ಹಳೇ ಸ್ಕ್ರೂಡ್ರೈವರ್, ಒಂದು ಮ್ಯಾಗ್ನೆಟ್, ಮಲಗೋಕೆ ಗೋಣಿಚೀಲ ಇಷ್ಟು ಸಾಕು. ಚಾಸಿ ಅಂದ್ರೆ ಏಣಿ ಥರ, ಎರಡು ಉದ್ದ ಪಟ್ಟಿ, ನಡುವೆ ಅಡ್ಡಪಟ್ಟಿ. ಹೊರಮೈ ನೋಡಿ ಮೋಸ ಹೋಗಬೇಡಿ, ಒಳಮೈಗೆ ಟಾರ್ಚ್ ಹಾಕಿ, ಕೆಂಪು ಮಣ್ಣು ಗಟ್ಟಿಯಾಗಿ ಕೂತಿರೋ ಕಡೆ ಸ್ಕ್ರೂಡ್ರೈವರಲ್ಲಿ ಕೆದಕಿ. ಸುತ್ತಿಗೇಲಿ ಮೆಲ್ಲಗೆ ತಟ್ಟುತ್ತಾ ಹೋಗಿ, ಗಟ್ಟಿ ಕಬ್ಬಿಣ ಠಣ್ ಅನ್ನತ್ತೆ, ತಿಂದಿದ್ದು ಬದ್ ಅನ್ನತ್ತೆ, ಪದರ ಪದರ ಉದುರತ್ತೆ. ಹಿಂದಿನ ಲೀಫ್ ಸ್ಪ್ರಿಂಗ್ ಚಾಸಿಗೆ ಕೂರೋ ಜಾಗ, ಕ್ಯಾಬಿನ್ ಕೂರೋ ರಬ್ಬರ್ ಬುಶ್ ಸುತ್ತ, ಡೀಸೆಲ್ ಟ್ಯಾಂಕ್ ಕಟ್ಟಿದ ಪಟ್ಟಿ, ಬ್ರೇಕ್ ಪೈಪು, ಇವನ್ನ ಬಿಡಲೇಬೇಡಿ. ಬ್ರೇಕ್ ಪೈಪಿನ ಮೇಲೆ ಗುಳ್ಳೆ ಎದ್ದಿದ್ರೆ ಪೈಪ್ ಬದಲಾಯಿಸೋ ತನಕ ಘಟ್ಟ ಇಳಿಸಬೇಡಿ. ಮೇಲ್ಮೇಲಿನ ತುಕ್ಕು ಕೆಂಪು ಪುಡಿ ಥರ ಇದ್ರೆ ಹೆದರೋದು ಬೇಡ, ಉಜ್ಜಿದ್ರೆ ಹೋಗತ್ತೆ. ಚಾಸಿ ಮೇಲೆ ತುಕ್ಕು ತಿಂದ ತೂತು ಇದ್ರೆ, ತೇಪೆ ವೆಲ್ಡಿಂಗ್ ಇದ್ರೆ, ಅಥವಾ ಎಲ್ಲಾ ಕಡೆ ಹೊಸ ಟಾರ್ ಬಳಿದು ಇನ್ನೂ ವಾಸನೆ ಬರ್ತಿದ್ರೆ ಚಾ ಕುಡಿದು ಎದ್ದು ಬನ್ನಿ.

ಕ್ಯಾಬಿನ್ ಒಳಗೆ ಮ್ಯಾಟ್ ಎತ್ತಿ ನೋಡಿ, ಡ್ರೈವರ್ ಕಾಲಿಡೋ ಕಡೆ ತಗಡು ಮೊದ್ಲು ಹೋಗತ್ತೆ. ಬಾಗಿಲ ಕೆಳ ಅಂಚಿಗೆ ಮ್ಯಾಗ್ನೆಟ್ ಹಿಡಿದ್ರೆ ಅಂಟದಿದ್ದ ಕಡೆ ಪುಟ್ಟಿ ಇದೆ ಅಂತ ಅರ್ಥ. ಚಾಸಿ ನಂಬರ್ ಕೊರೆದ ಜಾಗ ಓದೋಕೆ ಬರಬೇಕು, ತುಕ್ಕು ತಿಂದು ಅಳಿಸಿದ್ರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಟೈಮಲ್ಲಿ ತಲೆನೋವು. ಎಂಟು ವರ್ಷ ದಾಟಿದ ಹಳದಿ ಬೋರ್ಡ್ ಗಾಡಿಗೆ ಎಫ್‌ಸಿ ವರ್ಷ ವರ್ಷ, ಅದಕ್ಕೆ ಎಫ್‌ಸಿ ಮುಗಿಯೋಕೆ ಬಂದಾಗ ಮಾರೋಕೆ ನಿಲ್ಲಿಸಿದ ಗಾಡಿ ಮೇಲೆ ನಂಗೆ ಯಾವಾಗ್ಲೂ ಅನುಮಾನ. ಗೋವಾ ಪಾಸಿಂಗ್ ಗಾಡಿ ಕಡಿಮೆಗೆ ಸಿಕ್ತು ಅಂತ ಕುಣೀಬೇಡಿ, ಅಲ್ಲೂ ಇದೇ ಉಪ್ಪುಗಾಳಿ, ಮೇಲಿಂದ ಅಲ್ಲಿನ ಆರ್‌ಟಿಒ ಎನ್ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ), ಇಲ್ಲಿ ಮತ್ತೆ ಟ್ಯಾಕ್ಸ್.

ಇಂಜಿನ್ ಬಗ್ಗೆ ಜಾಸ್ತಿ ಹೇಳಲ್ಲ, ನಿಮ್ಮ ಮೆಕ್ಯಾನಿಕ್‌ನ ಕರ್ಕೊಂಡು ಹೋಗಿ. ಆಯಿಲ್ ಮುಚ್ಚಳ ತೆಗೆದಾಗ ಬುಸುಬುಸು ಹೊಗೆ ಬಂದ್ರೆ ಬೇಡ. 2020 ಏಪ್ರಿಲ್ ಆದ್ಮೇಲಿನ ಬಿಎಸ್6 (ಹೊಗೆ ಮಿತಿಯ ಹೊಸ ನಿಯಮದ) ಡೀಸೆಲ್ ಆದ್ರೆ ಡ್ಯಾಶ್‌ಬೋರ್ಡಲ್ಲಿ ಸ್ಟಾರ್ಟ್ ಆದ್ಮೇಲೂ ಯಾವ ಲೈಟ್ ಆರದೆ ಉಳಿದಿದೆ ನೋಡಿ. ಊರೊಳಗೆ ಐದು ಕಿಲೋಮೀಟರ್ ಓಡಿಸಿ ನಿಲ್ಲಿಸೋರಿಗೆ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಕಟ್ಕೊಳ್ಳೋ ಕಾಟ ಇದೆ, ಅಂಥೋರಿಗೆ ಚೆನ್ನಾಗಿಟ್ಟ ಬಿಎಸ್4 ಸಿಕ್ಕಿದ್ರೆ ವಾಸಿ ಅಂತ ನನ್ನ ಲೆಕ್ಕ. ಹಳೇ ಟಾಟಾ ಏಸ್ ಪೇಟೆಗೆ ಸರಿ, ಎರಡು ಸಿಲಿಂಡರಿನ 700 ಸಿಸಿ ಇಂಜಿನ್ನಲ್ಲಿ ಚಿರೇಕಲ್ಲು ತುಂಬಿಸಿ ಅರಬೈಲ್ ಘಟ್ಟ ಹತ್ತಿಸ್ತೀನಿ ಅಂದ್ರೆ ಆಗಲ್ಲ. ಬೊಲೆರೋ ಪಿಕಪ್, ಅಶೋಕ್ ಲೇಲ್ಯಾಂಡ್ ದೋಸ್ತ್ ಈ ಥರದ್ದು ನೋಡಿ.

ತಗೊಂಡಾಯ್ತು ಅನ್ಕೊಳ್ಳಿ, ಮೇ ತಿಂಗಳಲ್ಲೇ ಕೆಲಸ ಮುಗಿಸಿ, ಮಳೆ ಹಿಡಿದ್ಮೇಲೆ ಚಾಸಿ ಒಣಗೋದೇ ಇಲ್ಲ. ಮೊದ್ಲು ಸಿಹಿ ನೀರಲ್ಲಿ ಕೆಳಗಿಂದ ಪೂರ್ತಿ ತೊಳೀಬೇಕು, ಕಡಲ ಹತ್ರದ ಬಾವಿ ನೀರು ಸವಳಾದ್ರೆ ಅದರಲ್ಲಿ ತೊಳೆಯೋದಕ್ಕಿಂತ ಸುಮ್ನಿರೋದು ಒಳ್ಳೇದು. ಎರಡು ಮೂರು ದಿನ ಬಿಸಿಲಿಗೆ ನಿಲ್ಲಿಸಿ, ವೈರ್ ಬ್ರಶ್ಶಲ್ಲಿ ಪೊರೆ ತುಕ್ಕು ಎಲ್ಲಾ ಉದುರಿಸಿ, ಉಳಿದಿದ್ದಕ್ಕೆ ರಸ್ಟ್ ಕನ್ವರ್ಟರ್ (ತುಕ್ಕನ್ನ ಗಟ್ಟಿ ಪದರ ಮಾಡೋ ದ್ರಾವಣ), ಅದು ಒಣಗಿದ್ಮೇಲೆ ಎಪಾಕ್ಸಿ ಪ್ರೈಮರ್, ಆಮೇಲೆ ಪೇಂಟ್. ಇಷ್ಟು ಮಾಡದೆ ತುಕ್ಕಿನ ಮೇಲೆ ಸೀದಾ ದಪ್ಪ ಅಂಡರ್‌ಬಾಡಿ ಕೋಟಿಂಗ್ ಹೊಡೆಸಿದ್ರೆ ನೀರು ಒಳಗೇ ಕೂತು ಹೊರಗಡೆ ಗೊತ್ತಾಗದಂಗೆ ತಿಂತದೆ, ನನ್ನ ಗಾಡಿಗೆ ಆಗಿದ್ದು ಅದೇ. ಮುಚ್ಚಿದ ಪೈಪಿನಂಥ ಜಾಗಕ್ಕೆ ತೂತಿಂದ ವ್ಯಾಕ್ಸ್ ಸ್ಪ್ರೇ ಬಿಡಿ. ಕೆಲವರು ಸುಟ್ಟ ಇಂಜಿನ್ ಆಯಿಲ್ ಬಳೀತಾರೆ, ತುಕ್ಕು ತಡೆಯೋದು ಹೌದು, ಆದ್ರೆ ರಬ್ಬರ್ ಬುಶ್ ಉಬ್ಬಿ ಹಾಳಾಗತ್ತೆ, ತೋಟದಲ್ಲೆಲ್ಲ ತೊಟ್ಟಿಕ್ಕತ್ತೆ, ನಾನಂತೂ ಬಿಟ್ಟೆ.

ಬಾಗಿಲ ಕೆಳಗಿನ ಸಣ್ಣ ತೂತು, ವೈಪರ್ ಕೆಳಗಿನ ಜಾಲರಿ, ಇಲ್ಲಿ ದರಕು (ಒಣ ಎಲೆ) ತುಂಬಿದ್ರೆ ನೀರು ನಿಲ್ಲತ್ತೆ, ವಾರಕ್ಕೊಂದ್ಸಲ ಕಡ್ಡಿ ಹಾಕಿ. ತೊಟ್ಟಿಗೆ ರಬ್ಬರ್ ಶೀಟ್ ಹಾಸಿದ್ರೆ ತಿಂಗಳಿಗೊಮ್ಮೆ ಎತ್ತಿ ಒಣಗಿಸಿ. ಮೀನು ಹೊತ್ತ ದಿನ ರಾತ್ರಿ ಎಷ್ಟೇ ಹೊತ್ತಾದ್ರೂ ಕೆಳಗಡೆ ತೊಳೆದೇ ಮಲಗಿ, ನಾಳೆ ನೋಡೋಣ ಅನ್ನೋದು ಬೇಡ. ಇನ್ನೊಂದು ಗೊತ್ತಾ, ಕಡಲ ಹತ್ರ ಶೆಡ್ಡಲ್ಲೇ ನಿಲ್ಲೋ ಗಾಡಿಗೆ ಮಳೆ ನೀರು ಬೀಳದೆ ಉಪ್ಪು ಹಂಗೇ ಕೂರತ್ತೆ, ಅದಕ್ಕೂ ಪೈಪ್ ಹಿಡೀಬೇಕು.

ಆಯುಧಪೂಜೆಗೆ ಹೆಂಗೂ ಗಾಡಿ ತೊಳೀತೀವಲ್ಲ, ಅಷ್ಟೊತ್ತಿಗೆ ಮಳೆನೂ ಇಳಿದಿರತ್ತೆ. ಹೂವು ಹಾಕೋ ಮುಂಚೆ ಅದೇ ಗೋಣಿಚೀಲ ಹಾಸಿ ಒಂದ್ಸಲ ಕೆಳಗೆ ನುಗ್ಗಿ, ಎಲ್ಲೆಲ್ಲಿ ಪೇಂಟ್ ಎದ್ದಿದೆ ಅಲ್ಲಿ ಚಾಕ್‌ಪೀಸಲ್ಲಿ ಗುರ್ತು ಹಾಕಿ, ಹಬ್ಬ ಮುಗಿದ ಮಾರನೇ ದಿನ ಬ್ರಶ್ ಹಿಡೀರಿ.