ಬ್ಯಾಟರಿ ಬದಲಿಸುವ ಮುಂಚೆ ಅರ್ಥ್ ವೈರ್ ನೋಡಿ

ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾದ ಮಾಪ್ಸಾಕ್ಕೆ ತರಕಾರಿ ತರುವ ಪಿಕಪ್‌ಗಳಿಗೆ ಮಳೆಗಾಲ ಬಂತೆಂದರೆ ಇದೇ ಕಾಯಿಲೆ. ಹೆಡ್‌ಲೈಟ್ ಮಂಕಾಗುತ್ತದೆ, ಇಂಡಿಕೇಟರ್ ಹಾಕಿದರೆ ಹಿಂದಿನ ಬ್ರೇಕ್ ಲೈಟೂ ಜೊತೆಗೆ ಮಿಣುಕುತ್ತದೆ, ಸೆಲ್ಫ್ ಹೊಡೆದರೆ ಟಕ್ ಅಂದು ಸುಮ್ಮನಾಗುತ್ತದೆ. ಹೋದ ವರ್ಷ ನಾನು ಹೊಸ ಬ್ಯಾಟರಿ ಹಾಕಿಸಿದೆ. ಮೂರೇ ದಿನಕ್ಕೆ ಮತ್ತೆ ಅದೇ ಕತೆ. ಕೊನೆಗೆ ನೋಡಿದರೆ ಅರ್ಥ್ ವೈರಿನ, ಅಂದರೆ ಬ್ಯಾಟರಿ ಮೈನಸ್‌ನಿಂದ ಚಾಸಿಗೆ (ಗಾಡಿಯ ಲೋಹದ ಚೌಕಟ್ಟಿಗೆ) ಕೂರಿಸಿದ್ದ ವೈರಿನ, ಬೋಲ್ಟು ಬರಿಗೈಯಲ್ಲೇ ತಿರುಗುತ್ತಿತ್ತು.

ಅದಕ್ಕೇ ಮೊದಲು ಅಲ್ಲಿಂದಲೇ ಶುರು ಮಾಡಿ. ಗಾಡಿ ಬಂದ್ ಮಾಡಿ, ಕೀ ತೆಗೆದು, ಬ್ಯಾಟರಿಯ ಮೈನಸ್ ಮೊದಲು ಬಿಚ್ಚಿ. ಪ್ಲಸ್ ಮೊದಲು ಬಿಚ್ಚಲು ಹೋಗಿ ಪಾನಾ ಗಾಡಿಯ ಲೋಹಕ್ಕೆ ತಾಗಿತೋ, ಕಿಡಿ ಹಾರಿ ಕೈ ಸುಡುತ್ತದೆ. ಟರ್ಮಿನಲ್ ಮೇಲೆ ಬಿಳಿ ಪುಡಿ ಕೂತಿದ್ದರೆ ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ, ಹಳೇ ಬ್ರಷ್‌ನಿಂದ ಉಜ್ಜಿ. ನೊರೆ ಬರುವುದು ನಿಂತರೆ ಆಸಿಡ್ ಹೋಯಿತು ಅಂತ ಲೆಕ್ಕ. ಆ ನೀರು ಬ್ಯಾಟರಿ ಒಳಗೆ ಹೋಗಬಾರದು, ಕಣ್ಣಿಗೂ ಸಿಡಿಯಬಾರದು.

ಆಮೇಲೆ ಅರ್ಥ್ ವೈರಿನ ಲಗ್ (ತುದಿಯಲ್ಲಿ ಬೋಲ್ಟ್ ಹಾಕುವ ಲೋಹದ ಬಳೆ) ಪೂರ್ತಿ ಬಿಚ್ಚಿ ತಿರುಗಿಸಿ ನೋಡಿ. ಮೇಲಿಂದ ಚೆನ್ನಾಗೇ ಕಾಣುತ್ತದೆ, ಅಡಿಯಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ; ಕರಾವಳಿಯ ಉಪ್ಪುಗಾಳಿಗೆ ಇದು ಬೇಗ ಬರುತ್ತದೆ. ಲಗ್ ಮತ್ತು ಚಾಸಿ ಎರಡನ್ನೂ ಎಮರಿ ಪೇಪರ್‌ನಿಂದ ಲೋಹ ಹೊಳೆಯುವ ತನಕ ಉಜ್ಜಿ. ಪೇಂಟ್ ಮೇಲೆ ಬೋಲ್ಟ್ ಎಷ್ಟು ಬಿಗಿ ಮಾಡಿದರೂ ಕರೆಂಟ್ ಸರಿಯಾಗಿ ಹೋಗಲ್ಲ. ಬಿಗಿ ಮಾಡಿದ ಮೇಲೆ ಹೊರಗಡೆ ವ್ಯಾಸಲಿನ್ ಹಚ್ಚಿ.

ಹಿಂದಿನ ಲೈಟಿನ ವೈರುಗಳನ್ನು ಹೊಸೆದು ಟೇಪ್ ಸುತ್ತಿರುತ್ತಾರಲ್ವಾ, ಅದನ್ನು ದಯವಿಟ್ಟು ಹಾಗೇ ಬಿಡಬೇಡಿ. ಟೇಪಿನೊಳಗೆ ನೀರು ನಿಂತು ತಾಮ್ರ ಕಪ್ಪಾಗುತ್ತದೆ. ಕೆಂಪಗೆ ಹೊಳೆಯುವ ತಾಮ್ರ ಸಿಗುವ ತನಕ ಕತ್ತರಿಸಿ, ಕ್ರಿಂಪ್ ಮಾಡಿ (ಲೋಹದ ಕನೆಕ್ಟರ್‌ನೊಳಗೆ ತೂರಿಸಿ ಇಕ್ಕಳದಿಂದ ಒತ್ತಿ), ಮೇಲೆ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಅಂಟುವ ಪ್ಲಾಸ್ಟಿಕ್ ಕೊಳವೆ, ಹಾಕಿ. ಕ್ರಿಂಪ್ ಮಾಡಿದ ಮೇಲೆ ಒಮ್ಮೆ ಜೋರಾಗಿ ಎಳೆಯಿರಿ, ಕಿತ್ತು ಬಂದರೆ ಮತ್ತೆ ಮಾಡಿ. ವೈರು ಚಾಸಿಗೆ ಉಜ್ಜದಂತೆ ಕಟ್ಟಿ.

ಬ್ಯಾಟರಿಗೆ ಪ್ಲಸ್ ಮೊದಲು, ಮೈನಸ್ ಕೊನೆಗೆ ಹಾಕಿ.

ಈಗ ಮಲ್ಟಿಮೀಟರ್ ಹಿಡಿಯಿರಿ. ಚಾರ್ಜ್ ಆಗಿರುವ ಬ್ಯಾಟರಿ ಗಾಡಿ ಬಂದ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು, ಇಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಅದು ಸರಿ ಇದ್ದರೂ ಸೆಲ್ಫ್ ಸೋಮಾರಿಯಾಗಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ಇಂಜಿನ್ನಿನ ಬರಿ ಲೋಹಕ್ಕೆ ಇಟ್ಟು, ಪಕ್ಕದವರಿಗೆ ಸೆಲ್ಫ್ ಹೊಡೆಯಲು ಹೇಳಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ದಾರಿಯಲ್ಲಿ ಇನ್ನೂ ಎಲ್ಲೋ ತಡೆ ಇದೆ ಎಂದರ್ಥ. ನಂತರ ಲೈಟ್ ಹಾಕಿಟ್ಟು ವೈರುಗಳನ್ನು ಒಂದೊಂದಾಗಿ ಅಲುಗಾಡಿಸುತ್ತಾ ಹೋಗಿ, ಎಲ್ಲಿ ಮಿಣುಕಿತೋ ಅಲ್ಲೇ ಸಡಿಲ.

15 ಆಂಪಿಯರ್ ಫ್ಯೂಸ್ ಸುಟ್ಟರೆ 30ರದ್ದು ಹಾಕಬೇಡಿ, ತಂತಿಯನ್ನಂತೂ ಬೇಡವೇ ಬೇಡ. ಆಮೇಲೆ ಸುಡುವುದು ವೈರಿಂಗೇ. ಮೊದಲ ಲೋಡ್ ಹೊತ್ತು ಘಾಟ್ ಇಳಿದ ಮೇಲೆ, ಗಾಡಿ ತಣ್ಣಗಾದಾಗ, ಅದೇ ಬೋಲ್ಟುಗಳಿಗೆ ಇನ್ನೊಮ್ಮೆ ಪಾನಾ ಹಾಕಿ ನೋಡಿ.