'2001: ಎ ಸ್ಪೇಸ್ ಒಡಿಸ್ಸಿ'ಯನ್ನು 70 ಎಂ.ಎಂ.ನಲ್ಲಿ ನೋಡಲು ಹೊರಟವರಿಗೆ

ಶಿಕಾಗೋದ ಸೌತ್‌ಪೋರ್ಟ್ ಅವೆನ್ಯೂದಲ್ಲಿರುವ ಮ್ಯೂಸಿಕ್ ಬಾಕ್ಸ್ ಚಿತ್ರಮಂದಿರದವರು ಆಗಾಗ ಸ್ಟಾನ್ಲಿ ಕುಬ್ರಿಕ್ ನಿರ್ದೇಶಿಸಿದ 1968ರ ಬಾಹ್ಯಾಕಾಶ ಚಿತ್ರ '2001: ಎ ಸ್ಪೇಸ್ ಒಡಿಸ್ಸಿ'ಯ 70 ಎಂ.ಎಂ. (70 ಮಿಲಿಮೀಟರ್ ಅಗಲದ ಫಿಲ್ಮಿನ) ಪ್ರಿಂಟ್ ತರಿಸಿ ತೋರಿಸುತ್ತಾರೆ. ಪ್ರಕಟಣೆ ಬಂದಾಗಲೆಲ್ಲ ನಮ್ಮ ಕನ್ನಡದ ಗೆಳೆಯರ ವಾಟ್ಸ್‌ಆಪ್ ಗುಂಪಿನಲ್ಲಿ ಅವೇ ಪ್ರಶ್ನೆಗಳು ಏಳುತ್ತವೆ. ಟಿವಿಯಲ್ಲಿ ಅರ್ಧ ನೋಡಿ ಬಿಟ್ಟಿದ್ದೇವೆ, ದುಡ್ಡು ಕೊಟ್ಟು ಹೋಗಬೇಕೇ? ಮಕ್ಕಳನ್ನು ಕರೆದೊಯ್ಯಬಹುದೇ? ಕಾರು ಎಲ್ಲಿ ನಿಲ್ಲಿಸುವುದು? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಬೆರಳು ಸವೆದಿದೆ. ಆದ್ದರಿಂದ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಟಿಕೆಟ್ ಕೊಳ್ಳುವ ಮುನ್ನ ಪ್ರಿಂಟ್ ಯಾವುದೆಂದು ವಿಚಾರಿಸಿ. '70 ಎಂ.ಎಂ.' ಎಂದಿದ್ದರೆ ನಿಜವಾದ ಫಿಲ್ಮು. 'ಡಿ.ಸಿ.ಪಿ.' ಅಥವಾ '4ಕೆ' ಎಂದಿದ್ದರೆ ಡಿಜಿಟಲ್. ಏನೂ ಬರೆದಿರದಿದ್ದರೆ ಡಿಜಿಟಲ್ ಎಂದೇ ತಿಳಿಯಿರಿ. ಫಿಲ್ಮ್ ತರಿಸಿದವರು ಅದನ್ನು ಹೇಳಿಕೊಳ್ಳದೆ ಬಿಡುವುದಿಲ್ಲ. ಊರಿನ ಗೋಡೆಗಳ ಮೇಲೆ '70 ಎಂ.ಎಂ.' ಪೋಸ್ಟರ್ ನೋಡುತ್ತ ಬೆಳೆದವರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. 'ಶೋಲೆ'ಯಂಥ ಚಿತ್ರವನ್ನು 35 ಎಂ.ಎಂ.ನಲ್ಲಿ ತೆಗೆದು, ಆಮೇಲೆ 70ಕ್ಕೆ ಹಿಗ್ಗಿಸಿದ್ದರು. ಸ್ಟಾನ್ಲಿ ಕುಬ್ರಿಕ್ ಈ ಚಿತ್ರವನ್ನು ಕ್ಯಾಮೆರಾದಲ್ಲೇ 65 ಎಂ.ಎಂ. ನೆಗೆಟಿವ್ ಮೇಲೆ ತೆಗೆದರು. ಪ್ರಿಂಟಿನಲ್ಲಿ ಸೇರಿಕೊಳ್ಳುವ ಉಳಿದ 5 ಎಂ.ಎಂ. ಧ್ವನಿಯ ಕಾಂತಪಟ್ಟಿಗಾಗಿ ಇದ್ದದ್ದು. ಒಂದೊಂದು ಚೌಕಟ್ಟಿನ ವಿಸ್ತೀರ್ಣ 35 ಎಂ.ಎಂ. ಸ್ಕೋಪ್ (ಅಗಲ ಪರದೆಯ) ಚೌಕಟ್ಟಿನ ಸುಮಾರು ಮೂರು ಪಟ್ಟು. ಹಿಗ್ಗಿಸಿದ ಚಿತ್ರದಲ್ಲಿ ಇಲ್ಲದ ವಿವರವನ್ನು ಯಾರೂ ತಂದು ತುಂಬಲಾರರು. ಇಲ್ಲಿ ವಿವರ ಮೊದಲಿನಿಂದಲೇ ಇದೆ, ಮನೆಯ ಪರದೆಗೆ ಅದು ಹಿಡಿಸುವುದಿಲ್ಲ ಅಷ್ಟೆ.

ಚಿತ್ರಕ್ಕೆ ಐವತ್ತು ತುಂಬಿದ 2018ರಲ್ಲಿ ನಿರ್ದೇಶಕ ಕ್ರಿಸ್ಟೋಫರ್ ನೋಲನ್ ಮುತುವರ್ಜಿಯಿಂದ ಹೊಸ 70 ಎಂ.ಎಂ. ಪ್ರಿಂಟುಗಳು ಬಂದವು. ಡಿಜಿಟಲ್ ತಿದ್ದುಪಡಿ ಮಾಡದೆ, ಫಿಲ್ಮಿನಿಂದ ಫಿಲ್ಮಿಗೇ ಇಳಿಸಿದವು ಅವು. ಮೊದಲು ತೋರಿಸಿದ್ದು ಕಾನ್ ಚಿತ್ರೋತ್ಸವದಲ್ಲಿ. ಅಲ್ಲಲ್ಲಿ ಧೂಳಿನ ಚುಕ್ಕೆ, ಸಣ್ಣ ಗೀರು ಕಂಡರೆ ಬೇಸರ ಬೇಡ. ನನಗಂತೂ ಅವು ಬೇಕು. ಸೋಪು ಹಾಕಿ ತೊಳೆದಂತೆ ಕಾಣುವ ಹಳೆಯ ಚಿತ್ರವನ್ನು ನೋಡಿದರೆ ನನಗೆ ಏಕೋ ಅನುಮಾನ ಬರುತ್ತದೆ.

ಇನ್ನು ಹೋಗುವ ದಾರಿ. ಬ್ರೌನ್ ಲೈನ್ ರೈಲಿನಲ್ಲಿ ಸೌತ್‌ಪೋರ್ಟ್ ನಿಲ್ದಾಣದಲ್ಲಿ ಇಳಿದು ಉತ್ತರಕ್ಕೆ ನಡೆಯಿರಿ, ಹತ್ತು ನಿಮಿಷ ಸಾಕು. ಕಾರಿನಲ್ಲೇ ಬರುತ್ತೇನೆ ಎನ್ನುವವರು ಮೊದಲು ಬೇಸ್‌ಬಾಲ್ ವೇಳಾಪಟ್ಟಿ ನೋಡಿ. ರಿಗ್ಲಿ ಫೀಲ್ಡ್ ಅಲ್ಲೇ ಪಕ್ಕದಲ್ಲಿದೆ. ಕಬ್ಸ್ ತಂಡದ ಪಂದ್ಯ ಇರುವ ದಿನ ಆ ಬಡಾವಣೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕಿದರೆ ಅದು ನಿಮ್ಮ ಪೂರ್ವಜನ್ಮದ ಪುಣ್ಯ. ಈ ಕಟ್ಟಡದಲ್ಲಿ ಚಿಕ್ಕ ಪರದೆಯ ಸಭಾಂಗಣವೂ ಇದೆ, ಆದ್ದರಿಂದ ನಿಮ್ಮ ಟಿಕೆಟ್ 1929ರ ದೊಡ್ಡ ಸಭಾಂಗಣದ್ದೇ ಎಂದು ಖಚಿತ ಮಾಡಿಕೊಳ್ಳಿ. ಅದರ ಚಾವಣಿಯಲ್ಲಿ ನಕ್ಷತ್ರಗಳು ಮಿನುಗುತ್ತವೆ, ಮೋಡಗಳು ಸರಿಯುತ್ತವೆ. ಸ್ವಲ್ಪ ಬೇಗ ಹೋಗಿ ಕತ್ತೆತ್ತಿ ನೋಡಿ. ಈ ಚಿತ್ರಕ್ಕೆ ಇದಕ್ಕಿಂತ ತಕ್ಕ ಚಾವಣಿ ಬೇಕೇ?

ಬೇಗ ಹೋಗಲು ಇನ್ನೊಂದು ಕಾರಣ ಕುಳಿತುಕೊಳ್ಳುವ ಜಾಗ. ನಮ್ಮವರಿಗೆ ಬಾಲ್ಕನಿಯೇ ಶ್ರೇಷ್ಠ ಎಂಬ ನಂಬಿಕೆ ರಕ್ತದಲ್ಲಿದೆ, ಹಾಗಾಗಿ ಇಲ್ಲಿಯೂ ಹಿಂದಿನ ಸಾಲು ಹುಡುಕಿಕೊಂಡು ಹೋಗುತ್ತಾರೆ. ಬೇಡ. 1968ರಲ್ಲಿ ದೊಡ್ಡ ನಗರಗಳಲ್ಲಿ ಇದನ್ನು ತೋರಿಸಿದ್ದು ಸಿನೆರಾಮಾದ ಬಾಗಿದ ಮಹಾಪರದೆಗಳ ಮೇಲೆ. ನೋಡುವವರನ್ನು ಸುತ್ತುವರಿಯಲೆಂದೇ ಈ ಚಿತ್ರ ಹುಟ್ಟಿದೆ. ಪರದೆಯ ಎರಡೂ ಅಂಚು ಕಣ್ಣಿನ ಕೊನೆಗೆ ತಾಗುವಷ್ಟು ಮುಂದೆ, ಆದರೆ ಕತ್ತು ತಿರುಗಿಸಬೇಕಾಗದಷ್ಟು ಹಿಂದೆ, ಮಧ್ಯದಲ್ಲಿ ಕುಳಿತುಕೊಳ್ಳಿ. ಗಾಂಧಿ ಕ್ಲಾಸಿಗಿಂತ ಕೊಂಚ ಹಿಂದೆ ಎಂದರೆ ಅರ್ಥವಾದೀತು.

ಊಟ ಹಗುರವಾಗಿರಲಿ. ಬಿಸಿಬೇಳೆಬಾತ್ ಉಂಡು ಬಂದವರನ್ನು ಚಿತ್ರದಲ್ಲಿ ಬರುವ 'ಬ್ಲೂ ಡ್ಯಾನ್ಯೂಬ್' ವಾಲ್ಟ್ಜ್ ಸಂಗೀತ ಎರಡೇ ನಿಮಿಷದಲ್ಲಿ ಮಲಗಿಸುತ್ತದೆ. ಬರುವ ಮುನ್ನ ಯೂಟ್ಯೂಬಿನಲ್ಲಿ 'ಅಂತ್ಯದ ಅರ್ಥ' ವಿವರಿಸುವವರನ್ನು ಕೇಳಬೇಡಿ. ಚಿತ್ರಕಥೆಯಲ್ಲಿ ಕುಬ್ರಿಕ್ ಜೊತೆಗೆ ಲೇಖಕ ಆರ್ಥರ್ ಸಿ. ಕ್ಲಾರ್ಕ್ ಇದ್ದರು, ಅವರ ಕಾದಂಬರಿ ಇದೇ ಕಥೆಯನ್ನು ಸಾಕಷ್ಟು ಬಿಡಿಸಿ ಹೇಳುತ್ತದೆ. ಅದನ್ನು ಆಮೇಲೆ ಓದಿಕೊಳ್ಳಬಹುದು.

ದೀಪಗಳು ಆರುತ್ತವೆ, ಪರದೆ ಕಪ್ಪಾಗಿಯೇ ಇರುತ್ತದೆ. ಸುಮಾರು ಮೂರು ನಿಮಿಷ ಏನೂ ಕಾಣುವುದಿಲ್ಲ. ಜೇನು ಗೂಡಿನಿಂದ ಎದ್ದಂತಹ ಒಂದು ಸಂಗೀತ ಮಾತ್ರ ಕೇಳುತ್ತದೆ, ಹಂಗೇರಿ ಮೂಲದ ಲಿಗೆಟಿ ರಚಿಸಿದ್ದು. ಊರಿನಿಂದ ಬಂದಿದ್ದ ನನ್ನ ಸೋದರಮಾವ ಆಗ ನನ್ನ ಕಡೆಗೆ ಬಾಗಿ, "ಕರೆಂಟ್ ಹೋಯಿತೇನಮ್ಮಾ?" ಎಂದು ಕೇಳಿದರು. ಮಾವ ತಿಪಟೂರಿನ ಟಾಕೀಸೊಂದರಲ್ಲಿ ಆಪರೇಟರ್ ಆಗಿದ್ದವರು, ಕಾರ್ಬನ್ ಕಡ್ಡಿ ಉರಿಸಿ ಪಿಕ್ಚರ್ ಓಡಿಸಿದವರು. "ಇಲ್ಲ ಮಾವ, ಇದು ಹೀಗೇ" ಎಂದೆ. "ನಮ್ಮಲ್ಲಾಗಿದ್ದರೆ ಈ ಹೊತ್ತಿಗೆ ಕುರ್ಚಿ ಮುರಿದಿರುತ್ತಿದ್ದರು" ಎಂದು ಹೇಳಿ ಸುಮ್ಮನಾದರು. ಈ ಮೂರು ನಿಮಿಷದಲ್ಲಿ ಮೊಬೈಲ್ ತೆಗೆಯಬೇಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲೆಂದು ಸಿಕ್ಕ ಸಮಯ ಅದು. ಒಮ್ಮೆ ಮೊಬೈಲಿನ ಬೆಳಕು ಬಿದ್ದರೆ ಮುಂದಿನ ನಸುಕಿನ ಮರುಭೂಮಿಯ ಅರ್ಧ ಬಣ್ಣ ಹೋಯಿತು.

ಮೊದಲ ಮಾತು ಕೇಳುವುದಕ್ಕೆ ಸುಮಾರು 25 ನಿಮಿಷ ಆಗುತ್ತದೆ. ಅಲ್ಲಿಯವರೆಗೆ ವಾನರರ ಲೋಕ. ಆ ಭಾಗದಲ್ಲಿ ಚಿರತೆಯ ಕಣ್ಣುಗಳನ್ನು ನೋಡಿ, ದೀಪ ಹಚ್ಚಿದಂತೆ ಹೊಳೆಯುತ್ತವೆ. ಆಫ್ರಿಕಾದ ಭೂದೃಶ್ಯದ ಸ್ಥಿರಚಿತ್ರಗಳನ್ನು ಇಂಗ್ಲೆಂಡಿನ ಸ್ಟುಡಿಯೋದೊಳಗೆ ಮುಂದಿನಿಂದಲೇ ಪ್ರೊಜೆಕ್ಟ್ ಮಾಡಿ ಹಿನ್ನೆಲೆಯ ಪರದೆಗೆ ಹಾಯಿಸಿದ್ದರು. ಆ ಬೆಳಕೇ ಚಿರತೆಯ ಕಣ್ಣಿನಿಂದ ಮರಳಿ ಬರುತ್ತಿರುವುದು. ಆಮೇಲೆ ಬಾಹ್ಯಾಕಾಶಕ್ಕೆ ಬಂದಾಗ, ನೌಕೆಗಳ ಪುಟ್ಟ ಕಿಟಕಿಗಳ ಒಳಗೆ ದೃಷ್ಟಿ ಹಾಯಿಸಿ. ಒಳಗೆ ಜನ ಓಡಾಡುತ್ತಿದ್ದಾರೆ. ಮಾದರಿಯ ಕಿಟಕಿಯಲ್ಲಿ ನಟರ ಚಿತ್ರಿಕೆಯನ್ನು ಬೇರೆಯಾಗಿ ಸೇರಿಸಿದ್ದು ಅದು. ತೇಲುವ ಪೆನ್ನನ್ನು ಗಗನಸಖಿ ಹಿಡಿಯುವ ಕ್ಷಣದಲ್ಲಿ ಅವಳ ಬೆರಳುಗಳನ್ನೇ ಗಮನಿಸಿ: ಪೆನ್ನು ಗಾಳಿಯಿಂದ ಸಿಗುವುದಿಲ್ಲ, ಯಾವುದರಿಂದಲೋ ಕಿತ್ತು ಬರುತ್ತದೆ. ತಿರುಗುವ ಗಾಜಿನ ಹಲಗೆಗೆ ಅದನ್ನು ಅಂಟಿಸಿದ್ದರು. ತೂಕವಿಲ್ಲದ ಸ್ಥಿತಿಯಲ್ಲಿ ಶೌಚಾಲಯ ಬಳಸುವ ವಿಧಾನದ ಉದ್ದನೆಯ ಫಲಕವೊಂದು ಬರುತ್ತದೆ. ಟಿವಿಯಲ್ಲಿ ಅದು ಇರುವೆಯ ಸಾಲು. ಇಲ್ಲಿ ಅದರ ಸೂಚನೆಗಳನ್ನು ಓದಬಹುದು. ಪೂರ್ತಿ ಓದಲು ಸಮಯ ಸಾಲದು, ಆದರೆ ನಗುವಷ್ಟು ಸಿಗುತ್ತದೆ.

ಫಿಲ್ಮ್ ಪ್ರದರ್ಶನವೇ ಆದರೆ ಪರದೆಯ ಬಲ ಮೇಲ್ಮೂಲೆಯ ಮೇಲೂ ಒಂದು ಕಣ್ಣಿರಲಿ. ಎರಡು ಪ್ರೊಜೆಕ್ಟರ್ ಬಳಸಿ ಓಡಿಸುವ ಕಡೆ ಒಂದೊಂದು ರೀಲು ಮುಗಿಯುವ ಹೊತ್ತಿಗೆ ಅಲ್ಲಿ ಚುಕ್ಕೆಯೊಂದು ಮಿಂಚಿ ಮಾಯವಾಗುತ್ತದೆ, ಕೆಲವು ಕ್ಷಣ ಬಿಟ್ಟು ಇನ್ನೊಂದು. ಮೊದಲನೆಯದು ಎರಡನೇ ಪ್ರೊಜೆಕ್ಟರ್ ಚಾಲೂ ಮಾಡಲು, ಎರಡನೆಯದು ಅದಕ್ಕೆ ಹೊರಳಲು. ಮಾವ ಚಿತ್ರಪೂರ್ತಿ ಆ ಮೂಲೆಯನ್ನೇ ಕಾಯುತ್ತಿದ್ದರು. ಕಥೆ ಎಷ್ಟು ಹಿಡಿಸಿತೋ ಕಾಣೆ, ಆಪರೇಟರ್ ಮಾತ್ರ ಅವರಿಂದ ಪೂರ್ತಿ ಅಂಕ ಪಡೆದ.

ಇಂಟರ್ವಲ್ ಕುಬ್ರಿಕ್ ಇಟ್ಟ ಜಾಗದಲ್ಲೇ ಬರುತ್ತದೆ, ಸುಮಾರು ಒಂದೂವರೆ ಗಂಟೆಗೆ. ಅದಕ್ಕೆ ಮುಂಚಿನ ಕೊನೆಯ ದೃಶ್ಯ ಏನೆಂದು ಹೇಳುವುದಿಲ್ಲ. ಪಾಪ್‌ಕಾರ್ನ್, ಚಿಪ್ಸ್, ಕರಕರ ಎನ್ನುವ ಪೊಟ್ಟಣ ಎಲ್ಲವನ್ನೂ ಇಲ್ಲೇ ಮುಗಿಸಿ ಒಳಗೆ ಹೋಗಿ. ನಿರ್ವಾತದಲ್ಲಿ ಶಬ್ದ ಸಾಗುವುದಿಲ್ಲ ಎಂಬ ಭೌತಶಾಸ್ತ್ರವನ್ನು ಈ ಚಿತ್ರ ಪ್ರಾಮಾಣಿಕವಾಗಿ ಪಾಲಿಸುತ್ತದೆ. ದ್ವಿತೀಯಾರ್ಧದಲ್ಲಿ ಉಸಿರಾಟದ ಸದ್ದು ಮಾತ್ರ ಇರುವ, ಕೆಲವೊಮ್ಮೆ ಅದೂ ಇಲ್ಲದ ಹೊತ್ತುಗಳಿವೆ. ಆಗ ಒಂದು ಪೊಟ್ಟಣ ಚರಪರ ಎಂದರೆ ಇಡೀ ಸಭಾಂಗಣ ತಿರುಗಿ ನೋಡುತ್ತದೆ. ಇಂಟರ್ವಲ್ ಮುಗಿದ ಮೇಲೆ ಮತ್ತೆ ಕತ್ತಲಲ್ಲಿ ಸಂಗೀತ ಬರುತ್ತದೆ, ಅಷ್ಟರೊಳಗೆ ಸೀಟಿನಲ್ಲಿರಿ.

ಇಲ್ಲಿನ ಪ್ರೇಕ್ಷಕರ ಬಗ್ಗೆ ಒಂದು ತಕರಾರು. ಹಾಲ್ ಎಂಬ ಕಂಪ್ಯೂಟರ್ ತಾನು 1992ರ ಜನವರಿ 12ರಂದು ಇಲಿನಾಯ್ ರಾಜ್ಯದ ಅರ್ಬಾನಾದಲ್ಲಿ ಚಾಲನೆಗೆ ಬಂದೆ ಎಂದು ಹೇಳುತ್ತದೆ. ಅರ್ಬಾನಾದಲ್ಲಿ ಓದಿದವರು ಶಿಕಾಗೋದ ಪ್ರತಿ ಪ್ರದರ್ಶನದಲ್ಲೂ ಇರುತ್ತಾರೆ, ನಮ್ಮ ಹುಡುಗರೂ ಸೇರಿ. ಊರಿನ ಹೆಸರು ಕೇಳಿದ್ದೇ ತಡ, ಯಾರೋ ಚಪ್ಪಾಳೆ ತಟ್ಟುತ್ತಾರೆ. ಮನ ಕಲಕುವ ಆ ದೃಶ್ಯದಲ್ಲಿ ಚಪ್ಪಾಳೆ ತಟ್ಟುವವರ ಎದೆ ಯಾವ ಲೋಹದ್ದು ಎಂದು ನನಗೆ ಇನ್ನೂ ತಿಳಿದಿಲ್ಲ.

ಮಕ್ಕಳ ವಿಷಯ: ಎರಡೂವರೆ ಗಂಟೆ ಕುಳಿತಿರಬಲ್ಲ ಮಗುವಾದರೆ ಕರೆತನ್ನಿ. ವಾನರರು ಅವರಿಗೆ ಇಷ್ಟವಾಗುತ್ತಾರೆ. ಚಂದ್ರನ ಮೇಲಿನ ಒಂದು ದೃಶ್ಯದಲ್ಲಿ ಕಿವಿ ಸೀಳುವ ಸದ್ದು ಬರುತ್ತದೆ, ಅದನ್ನು ಮೊದಲೇ ಹೇಳಿಡಿ.

ಕೊನೆಯ ಹೆಸರುಗಳು ಮುಗಿದ ಮೇಲೂ ವಾಲ್ಟ್ಜ್ ನಿಲ್ಲುವುದಿಲ್ಲ, ಕಪ್ಪು ಪರದೆಯ ಮೇಲೆ ಹಲವು ನಿಮಿಷ ಮುಂದುವರಿಯುತ್ತದೆ. ಅದೂ ಟಿಕೆಟ್ಟಿನ ಲೆಕ್ಕಕ್ಕೆ ಸೇರಿದ್ದು, ಕುಳಿತು ಕೇಳಿ.

ಶಿಕಾಗೋದಿಂದ ದೂರ ಇರುವವರು ನ್ಯೂಯಾರ್ಕಿನ ಅಸ್ಟೋರಿಯಾದಲ್ಲಿರುವ ಮ್ಯೂಸಿಯಂ ಆಫ್ ದ ಮೂವಿಂಗ್ ಇಮೇಜ್, ಲಂಡನ್ನಿನ ಪ್ರಿನ್ಸ್ ಚಾರ್ಲ್ಸ್ ಸಿನೆಮಾಗಳ ಕಾರ್ಯಕ್ರಮಪಟ್ಟಿಯ ಮೇಲೆ ಕಣ್ಣಿಡಿ. ಎರಡೂ ಕಡೆ 70 ಎಂ.ಎಂ. ಪ್ರೊಜೆಕ್ಟರ್ ಇದೆ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನ ಪಿಕ್ಚರ್‌ವಿಲ್‌ನಲ್ಲಿ ಸಿನೆರಾಮಾದ ಬಾಗಿದ ಪರದೆಯೇ ಇದೆ. ಊರಿನಲ್ಲಿರುವವರಿಗೆ ಸಿಗುವುದು ಡಿಜಿಟಲ್ ಪ್ರದರ್ಶನವಾದರೂ ಬಿಡಬೇಡಿ, ಆದಷ್ಟು ದೊಡ್ಡ ಪರದೆ ಆರಿಸಿಕೊಳ್ಳಿ, ಮೇಲೆ ಹೇಳಿದ ಸೀಟಿನ ಮಾತು ಅಲ್ಲಿಯೂ ನಡೆಯುತ್ತದೆ. ಇಲ್ಲಿನ ಉಪನಗರಗಳಿಂದ ಮೆಟ್ರಾ ರೈಲಿನಲ್ಲಿ ಬರುವವರು ಸಂಜೆ ಏಳರೊಳಗಿನ ಪ್ರದರ್ಶನಕ್ಕೇ ಟಿಕೆಟ್ ತೆಗೆಯಿರಿ. ಇಂಟರ್ವಲ್ ಸೇರಿ ಹೊರಗೆ ಬರುವಾಗ ಹತ್ತರ ಹತ್ತಿರ ಆಗುತ್ತದೆ, ಬ್ರೌನ್ ಲೈನ್ ಹಿಡಿದು ಪೇಟೆಗೆ ಬಂದು ರೈಲು ಬದಲಿಸಬೇಕು, ಮತ್ತು ರಾತ್ರಿಯ ಮೆಟ್ರಾ ಗಂಟೆಗೊಂದೇ.