ಹಳೇ ಟಿ3500, 4 ಗಿಗಾಹರ್ಟ್ಸ್, ಒಂದು ಅಡಿಕೆ ಹಾಳೆ

ಈ ಸಲ ಪತ್ತನಾಜೆಗೆ (ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ) ಎರಡು ದಿನ ಮೊದಲು ಆರು ಗಂಟೆಯ ಯಕ್ಷಗಾನದ ಆಟವೊಂದರ ವಿಡಿಯೋ ನನ್ನ ಹಳೇ ಕಂಪ್ಯೂಟರಿನಲ್ಲಿ ಮೂರೂವರೆ ಗಂಟೆಯಲ್ಲಿ ಎನ್‌ಕೋಡ್ ಆಗಿ ಮುಗಿಯಿತು. ಕೋಣೆಯಲ್ಲಿ 33 ಡಿಗ್ರಿ ಸೆಕೆ. ಪ್ರೊಸೆಸರಿನ ಬಿಸಿ 78 ದಾಟಲಿಲ್ಲ. "ಎಂತ ಭಾವ, ಗುಜರಿ ಅಂಗಡಿ ಸುರು ಮಾಡಿದ್ದಾ?" ಅಂತ ಹೋದ ವರ್ಷ ಈ ಮೆಷಿನ್ ನೋಡಿ ನಕ್ಕವನಿಗೆ ಸ್ಕ್ರೀನಿನ ಫೋಟೋ ಕಳಿಸಿದೆ. ನೋಡಿದ್ದಾನೆ, ಉತ್ತರ ಇಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆ ಆಟ, ತಾಳಮದ್ದಳೆ ರೆಕಾರ್ಡ್ ಮಾಡುವುದು ನನ್ನ ಕೆಲಸ. ತಿರುಗಾಟ ಮುಗಿಯುವ ಹೊತ್ತಿಗೇ ಕೆಲಸ ಜಾಸ್ತಿ, ಸೆಕೆಯೂ ಜಾಸ್ತಿ. ಹೊಸ ಮೆಷಿನ್‌ಗೆ 60 ಸಾವಿರ ಅಂದರು. ಅಷ್ಟು ದುಡ್ಡು ಅಡಿಕೆಯಿಂದ ಬರಬೇಕಿತ್ತು, ಆ ವರ್ಷ ಕೊಳೆರೋಗ ಬಂದು ಅದೂ ಇಲ್ಲ.

ಬೆಂಗಳೂರಿನ ಎಸ್‌ಪಿ ರೋಡಿನಿಂದ ಆಫೀಸಿನ ಹಳೇ ಡೆಲ್ ಪ್ರಿಸಿಷನ್ ಟಿ3500 ತರಿಸಿದೆ. ಬಸ್ಸಿನ ಪಾರ್ಸೆಲ್ ಸೇರಿ 8,500 ಆಗಿರಬೇಕು. ಒಳಗೆ ನಾಲ್ಕು ಕೋರಿನ ಡಬ್ಲ್ಯು3520 ಪ್ರೊಸೆಸರ್ ಇತ್ತು. ಒಂದು ಆಟಕ್ಕೆ ಏಳೂವರೆ ಗಂಟೆ ತೆಗೆದುಕೊಳ್ಳುತ್ತಿತ್ತು.

ಮೊದಲ ಪೆಟ್ಟು ಬಿದ್ದದ್ದು ನನ್ನ ಅವಸರಕ್ಕೆ. ಆರು ಕೋರು ಅಂತ ಕಂಡದ್ದೇ ಎಕ್ಸ್5650 ಕೊಂಡೆ, 1,200 ರೂಪಾಯಿ. ಅದರ ಮಲ್ಟಿಪ್ಲೈಯರ್ ಲಾಕ್, ಅಂದರೆ ಮೂಲ ಕ್ಲಾಕನ್ನು ಎಷ್ಟು ಪಟ್ಟು ಮಾಡಿ ವೇಗ ಏರಿಸಬೇಕು ಅನ್ನುವ ಲೆಕ್ಕ ಬದಲಿಸಲಾಗದು. ಬಿಸಿಎಲ್‌ಕೆ (ಆ ಮೂಲ ಕ್ಲಾಕ್) ಏರಿಸೋಣ ಅಂದರೆ ಈ ಬೋರ್ಡಿನ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಆ ಸಾಲೇ ಇಲ್ಲ. ಇದೇ ಎಕ್ಸ್58 ಚಿಪ್ಪಿರುವ ಬೇರೆ ಬೋರ್ಡುಗಳಲ್ಲಿ ಜನ ಮಾಡಿದ್ದನ್ನು ನೋಡಿ ಇಲ್ಲಿಯೂ ಆಗುತ್ತದೆ ಅಂದುಕೊಂಡಿದ್ದೆ. ಆ ಪ್ರೊಸೆಸರ್ ಇನ್ನೂ ಮೇಜಿನ ಡ್ರಾಯರ್‌ನಲ್ಲಿದೆ. ಬೇಕಾದದ್ದು ಡಬ್ಲ್ಯು3680. 3.33 ಗಿಗಾಹರ್ಟ್ಸ್, ಆರು ಕೋರು, 130 ವಾಟ್, ಮಲ್ಟಿಪ್ಲೈಯರ್ ಲಾಕ್ ಇಲ್ಲದ್ದು. ಡಬ್ಲ್ಯು3690 ಕೂಡ ಹಾಗೆಯೇ, ಆದರೆ ಅದಕ್ಕೆ ದುಪ್ಪಟ್ಟು ಕೇಳಿದರು. ನನ್ನ ಡಬ್ಲ್ಯು3680 3,000ಕ್ಕೆ ಸಿಕ್ಕಿತು. ಟಿ3500ರ ಹಳೆಯ ಬೋರ್ಡುಗಳಲ್ಲಿ ಕೆಲವು ಆರು ಕೋರನ್ನು ಒಪ್ಪುವುದಿಲ್ಲ. ಬೋರ್ಡಿನ ನಂಬರ್ ನೋಡದೆ ಕೊಂಡು ಆಮೇಲೆ ನನ್ನನ್ನು ಬೈಯಬೇಡಿ.

ಬಯೋಸ್ ಮುಚ್ಚಿದ್ದರೂ ವಿಂಡೋಸ್ ಒಳಗಿಂದ ಥ್ರಾಟಲ್‌ಸ್ಟಾಪ್ ಅನ್ನುವ ಸಾಫ್ಟ್‌ವೇರಿನಿಂದ ಮಲ್ಟಿಪ್ಲೈಯರ್ ಬದಲಿಸಬಹುದು. 133 ಮೆಗಾಹರ್ಟ್ಸ್‌ನ 30 ಪಟ್ಟು ಅಂದರೆ 4 ಗಿಗಾಹರ್ಟ್ಸ್. ಹಾಕಿದೆ, ತೋರಿಸಿತು, ಕುಣಿದೆ. ಎನ್‌ಕೋಡ್ ಹಚ್ಚಿದ ಸ್ವಲ್ಪ ಹೊತ್ತಿಗೇ 3.3ಕ್ಕೆ ಇಳಿಯಿತು.

ಒಂದು ತಿಂಗಳು ಹಾಳಾದದ್ದು ಇಲ್ಲಿ. ಬಿಸಿಗೆ ಇಳಿಯಿತು ಅಂತಲೇ ನಂಬಿದೆ. ಪೇಸ್ಟ್ ಮೂರು ಸಲ ಬದಲಿಸಿದೆ. 1,900 ಕೊಟ್ಟು ದೊಡ್ಡ ಟವರ್ ಕೂಲರ್ ತಂದೆ. ಕೂರಿಸಿದ ಮೇಲೆ ಪೆಟ್ಟಿಗೆಯ ಬಾಗಿಲು ಮುಚ್ಚಲಿಲ್ಲ. ಬಾಗಿಲು ತೆಗೆದೇ ಇಟ್ಟರೆ ಅಂಗಳದ ಅಡಿಕೆ ಧೂಳು, ಹಲ್ಲಿ, ಇರುವೆ. ಆ ಕೂಲರನ್ನು ಮಂಗಳೂರಿನಲ್ಲಿ ಒಬ್ಬರಿಗೆ 1,000ಕ್ಕೆ ಮಾರಿದೆ. ಹೀಟ್‌ಸಿಂಕಿನ ತಳವನ್ನು ಗ್ಲಾಸಿನ ಮೇಲಿಟ್ಟು ವಾಟರ್ ಪೇಪರಿನಲ್ಲಿ ಉಜ್ಜಿದೆ, 400 ನಂಬರಿನಿಂದ ಶುರು ಮಾಡಿ 1200ರವರೆಗೆ. ಕನ್ನಡಿಯಂತಾಯಿತು. ಎರಡು ಡಿಗ್ರಿ ಇಳಿಯಿತು, ಬೆರಳು ನಾಲ್ಕು ದಿನ ನೋಯಿತು. ಕ್ಲಾಕ್ ಮಾತ್ರ 3.3ರಲ್ಲೇ.

ಕೊನೆಗೊಂದು ರಾತ್ರಿ ಸುಮ್ನೆ ನೋಡುತ್ತಾ ಕೂತಾಗ ಗೊತ್ತಾಯಿತು. ಕ್ಲಾಕ್ ಬೀಳುವಾಗ ಉಷ್ಣತೆ 70ರ ಹತ್ತಿರ ಮಾತ್ರ. ಇದು ಬಿಸಿಯ ಕೆಲಸ ಅಲ್ಲವೇ ಅಲ್ಲ! ಟರ್ಬೋದ ವಾಟ್ ಮಿತಿ, ಕರೆಂಟಿನ ಮಿತಿ ಎರಡೂ ಕಾರ್ಖಾನೆ ಇಟ್ಟ ಲೆಕ್ಕದಲ್ಲೇ ಕೂತಿದ್ದವು. ಟಿಡಿಪಿ, ಟಿಡಿಸಿ ಅಂತ ಬರೆದಿರುವ ಆ ಎರಡು ಮಿತಿಗಳನ್ನೂ ಮೇಲೆತ್ತಿದೆ. 4 ಗಿಗಾಹರ್ಟ್ಸ್ ಅಲುಗದೆ ನಿಂತಿತು. ಆಮೇಲೆ ಬಂತು ನಿಜವಾದ ಬಿಸಿ. ಹತ್ತು ನಿಮಿಷದಲ್ಲಿ 93.

ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ ಬಿಸಿಗಾಳಿ ಅಲ್ಲಲ್ಲೇ ತಿರುಗುತ್ತಿತ್ತು. ಗ್ರಾಫಿಕ್ಸ್ ಕಾರ್ಡ್ ಬಿಟ್ಟ ಗಾಳಿಯನ್ನೇ ಪ್ರೊಸೆಸರ್ ಫ್ಯಾನ್ ಎಳೆಯುತ್ತಿತ್ತು. ಎದುರಿನ ತಂಪು ಗಾಳಿ ನೇರ ಹೀಟ್‌ಸಿಂಕಿಗೆ ಬರಬೇಕು, ಅಲ್ಲಿಂದ ನೇರ ಹಿಂದಕ್ಕೆ ಹೋಗಬೇಕು, ಅಷ್ಟೇ. ಕೊಳವೆ ಬೇಕು. ತೋಟದಲ್ಲಿ ಹಾಳೆಗೆ ಬರವೇ? ಒಂದು ಒಳ್ಳೆಯ ಹಾಳೆಯನ್ನು ಅರ್ಧ ದಿನ ನೀರಲ್ಲಿ ಹಾಕಿ, ಬಿಸ್ಕೆಟ್ ಡಬ್ಬಿಗೆ ಸುತ್ತಿ ಕಟ್ಟಿ, ಎರಡು ಬಿಸಿಲು ಒಣಗಿಸಿದೆ. ಕತ್ತರಿಸಿ ಬ್ರೌನ್ ಟೇಪ್ ಹಚ್ಚಿದೆ. 93 ಇದ್ದದ್ದು 84ಕ್ಕೆ ಬಂತು. ಖರ್ಚು ಸೊನ್ನೆ. ಮನೆಯವರು ಕಂಪ್ಯೂಟರಿಗೆ ಮುಟ್ಟಾಳೆ (ಹಾಳೆಯ ಟೊಪ್ಪಿ) ಹಾಕಿದ್ದಾರೆ ಅಂತ ನೆಂಟರಿಗೆಲ್ಲ ಹೇಳಿದರು.

ಜೂನ್ ಬಂತು, ಹಾಳೆಗೆ ಬೂಸಲು ಹಿಡಿಯಿತು. ಕೋಣೆಯಿಡೀ ವಾಸನೆ. ಅದು ಬಚ್ಚಲ ಒಲೆಗೆ ಹೋಯಿತು. ಕುಂಬಳೆಯ ಫ್ಲೆಕ್ಸ್ ಅಂಗಡಿಯವರು ಉಳಿದ ಸನ್‌ಪ್ಯಾಕ್ ಅನ್ನುವ ಪ್ಲಾಸ್ಟಿಕ್ ಶೀಟ್ ಸುಮ್ನೆ ಕೊಟ್ಟರು. ಹಾಳೆಯ ಅಳತೆಯಲ್ಲೇ ಮಡಚಿ ಮಾಡಿದ್ದು ಈಗಲೂ ಇದೆ. ಒಳಬದಿಯಲ್ಲಿ ಯಾರದೋ ಚುನಾವಣೆಯ ಅರ್ಧ ಮುಖ ಇದೆ, ಪರವಾಗಿಲ್ಲ.

ಈ ನಡುವೆ ಒದ್ದೆ ಗೋಣಿಯ ಪ್ರಯೋಗವೂ ಆಯಿತು. ಮೆಷಿನ್ ಎದುರು ಗೋಣಿ ತೂಗಿಸಿ, ಹಿಂದಿನಿಂದ ಟೇಬಲ್ ಫ್ಯಾನ್ ಇಟ್ಟೆ. ಕೂಲರ್‌ನ ಲೆಕ್ಕ ತಾನೇ? ಒಣ ಊರಿನಲ್ಲಿ ಆಗಬಹುದು. ನಮ್ಮ ಗಾಳಿ ಮೊದಲೇ ಒದ್ದೆ, ಅದಕ್ಕೆ ಇನ್ನೆಷ್ಟು ನೀರು ಹೀರಲು ಸಾಧ್ಯ? ಇಳಿದದ್ದು ಒಂದು ಡಿಗ್ರಿ. ಸ್ಕ್ರೂಗಳಿಗೆ ತುಕ್ಕು ಬಂತು.

ಕೊನೆಯ ಆರೇಳು ಡಿಗ್ರಿ ಕೊಟ್ಟದ್ದು ಫ್ಯಾನ್. 700 ರೂಪಾಯಿಯ 120 ಎಂಎಂ ದಪ್ಪ ಫ್ಯಾನ್, ಸರ್ವರಿನಿಂದ ಕಳಚಿದ್ದು. ಪೂರ್ತಿ ತಿರುಗಿದರೆ ತೋಟದ ಹುಲ್ಲು ಮೆಷಿನ್ನೇ. ನೂರಕ್ಕೆ 60 ಭಾಗ ವೇಗಕ್ಕೆ ಕಟ್ಟಿಹಾಕಿದ್ದೇನೆ. ಈ ಡೆಲ್‌ನ ಪ್ರೊಸೆಸರ್ ಫ್ಯಾನಿಗೆ ಐದು ಪಿನ್ನು, ಮಾಮೂಲಿ ನಾಲ್ಕು ಪಿನ್ನಿನದ್ದು ಹಾಕಿದರೆ ಬೂಟ್ ಆಗುವಾಗ ಫ್ಯಾನ್ ಕೆಟ್ಟಿದೆ ಅಂತ ಎಫ್1 ಒತ್ತಿಸುತ್ತದೆ. ನನ್ನದು ಈಗ ಒತ್ತಿಸುವುದಿಲ್ಲ. ಯಾವ ವಯರನ್ನು ಎಲ್ಲಿಗೆ ಕೊಟ್ಟೆ ಅನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಎರಡು ಫ್ಯಾನ್ ಸುಟ್ಟು ಕಲಿತ ವಿದ್ಯೆ ಅದು. ಬೋರ್ಡಿನ ಎಕ್ಸ್58 ಚಿಪ್ಪಿನ ಮೇಲೂ ಒಂದು ಸಣ್ಣ ಫ್ಯಾನ್ ಕೂರಿಸಿದ್ದೇನೆ. ಎಲ್ಲರೂ ಪ್ರೊಸೆಸರನ್ನೇ ನೋಡುತ್ತಾರೆ, ಕೈ ಸುಡುವುದು ಅಲ್ಲಿ.

ರ‍್ಯಾಮ್ ಎರಡು ಕಡ್ಡಿ ಇತ್ತು, ಮೂರನೆಯದು 600ಕ್ಕೆ ಹಾಕಿದೆ. ಎಸ್‌ಎಸ್‌ಡಿ 1,500. ಸುಟ್ಟ ಫ್ಯಾನು, ನಷ್ಟದ ಕೂಲರು, ಡ್ರಾಯರಿನ ಪ್ರೊಸೆಸರು ಎಲ್ಲ ಸೇರಿ 17 ಸಾವಿರದ ಆಸುಪಾಸು.

ಒಂದು ಮಾತು ಒಪ್ಪಿಕೊಳ್ಳಬೇಕು. ಏಳೂವರೆಯಿಂದ ಮೂರೂವರೆಗೆ ಇಳಿದದ್ದರಲ್ಲಿ ದೊಡ್ಡ ಪಾಲು ಆರು ಕೋರಿನದ್ದು. ಬರೀ ಓವರ್‌ಕ್ಲಾಕ್, ಅಂದರೆ ವೇಗ ಏರಿಸಿದ್ದು, ಕೊಟ್ಟದ್ದು ಅರ್ಧ ಗಂಟೆ. ಆದರೆ ಪತ್ತನಾಜೆ ಹತ್ತಿರ ಬಂದಾಗ ಆ ಅರ್ಧ ಗಂಟೆಯ ಬೆಲೆ ನನಗೆ ಗೊತ್ತು. ಎವಿಎಕ್ಸ್ ಅನ್ನುವ ಹೊಸ ಆದೇಶಗಳ ಗುಂಪು ಈ ಪ್ರೊಸೆಸರಿನಲ್ಲಿ ಇಲ್ಲ, ಕೆಲವು ಹೊಸ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ನನಗೆ ಎನ್‌ಕೋಡ್ ಮಾಡುವ ಎಫ್‌ಎಫ್‌ಎಂಪೆಗ್ ಸಾಕು. ಸ್ಲೀಪ್‌ನಿಂದ ಎದ್ದ ಮೇಲೆ ಮಲ್ಟಿಪ್ಲೈಯರ್ ಮರೆತುಬಿಡುತ್ತದೆ, ಹಾಗಾಗಿ ಸ್ಲೀಪ್ ಬಂದ್ ಮಾಡಿದ್ದೇನೆ.

ಮಲ್ಟಿಪ್ಲೈಯರನ್ನು 31ಕ್ಕೆ ಏರಿಸಿದ್ದೆ ಡಿಸೆಂಬರಿನಲ್ಲಿ. ಎರಡು ಗಂಟೆ ನಿಂತು ನೀಲಿ ಪರದೆ. ವೋಲ್ಟೇಜ್ ನಮ್ಮ ಕೈಯಲ್ಲಿಲ್ಲ, ಬಯೋಸ್ ಕೊಡುವುದಿಲ್ಲ. ಆದರೂ ಮುಂದಿನ ಚಳಿಗೆ ಇನ್ನೊಮ್ಮೆ ನೋಡುತ್ತೇನೆ, ಮನಸ್ಸಲ್ಲಿ ಒಂದು ಉಪಾಯ ಇದೆ. ಸದ್ಯಕ್ಕೆ ಸಿಡಿಲಿಗೆ ಹೆದರಿ ಪ್ಲಗ್ ಎಳೆದಿಟ್ಟಿದ್ದೇನೆ.